ಮೊದಲ ಕಾದಂಬರಿಯನ್ನು ತಾವೇ ಪ್ರಕಟಿಸುವವರಿಗೆ

ಸ್ವಂತ ಖರ್ಚಿನಲ್ಲಿ ಮೊದಲ ಕಾದಂಬರಿ ತರಲು ಹೊರಟವರು ಎಲ್ಲಕ್ಕಿಂತ ಮೊದಲು ಕೇಳುವುದು 'ಅಚ್ಚು ಹಾಕಿಸಲು ಎಷ್ಟಾಗುತ್ತದೆ?' ಎಂದು. ಅದಕ್ಕೆ ಉತ್ತರ ಯಾವ ಮುದ್ರಣಾಲಯದಲ್ಲಾದರೂ ಐದು ನಿಮಿಷದಲ್ಲಿ ಸಿಗುತ್ತದೆ. ಕೈಯಲ್ಲಿರುವ ಹಣ ಮತ್ತು ಸಮಯದ ಮೊದಲ ಪಾಲು ಪಠ್ಯಕ್ಕೂ ಕೊನೆಯ ಪಾಲು ಪ್ರತಿಗಳ ಸಂಖ್ಯೆಗೂ ಹೋಗಬೇಕೆಂಬುದು ಮಾತ್ರ ನನಗೆ ಎರಡು ಪುಸ್ತಕಗಳನ್ನು ತಂದ ಮೇಲೆಯೇ ತಿಳಿಯಿತು. ಮುಂದಿನ ಮಾತುಗಳನ್ನು ಅದೇ ಕ್ರಮದಲ್ಲಿ ಬರೆದಿದ್ದೇನೆ. ತಾವೇ ಪ್ರಕಟಿಸುವುದರಲ್ಲಿ ಹಿಂಜರಿಯುವಂಥದ್ದೇನೂ ಇಲ್ಲ. ಗಳಗನಾಥರು ತಮ್ಮ ಕಾದಂಬರಿಗಳ ಹೊರೆ ಹೊತ್ತು ಊರೂರು ತಿರುಗಿ ಮಾರಿದವರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯವನ್ನೇ ನಡೆಸಿದರು. ಕುವೆಂಪು ಅವರ ಅನೇಕ ಕೃತಿಗಳು ಅವರ ಮೈಸೂರಿನ ಮನೆಯ ಹೆಸರನ್ನೇ ಹೊತ್ತ ಉದಯರವಿ ಪ್ರಕಾಶನದಿಂದ ಬಂದವು.

ಹಸ್ತಪ್ರತಿ ಮುಗಿದ ವಾರವೇ ಅದನ್ನು ಡಿಟಿಪಿಗೆ, ಅಂದರೆ ಕಂಪ್ಯೂಟರಿನಲ್ಲಿ ಪುಟಕಟ್ಟುವ ಕೆಲಸಕ್ಕೆ, ಕೊಡಬೇಡಿ. ಒಂದೆರಡು ತಿಂಗಳು ಬದಿಗಿಟ್ಟು, ಆಮೇಲೆ ಕನಿಷ್ಠ ಇಬ್ಬರಿಂದ ಓದಿಸಿ. ಒಬ್ಬರು ಕಾದಂಬರಿಗಳನ್ನು ಬಿಡದೆ ಓದುವವರಾಗಿರಲಿ, ಇನ್ನೊಬ್ಬರು ನಿಮ್ಮ ಕಥೆ ನಡೆಯುವ ಸೀಮೆಯವರೋ ಕಸುಬಿನವರೋ ಆಗಿರಲಿ. ಹಾವೇರಿ ಕಡೆಯ ರೈತನ ಬಾಯಲ್ಲಿ ಮೈಸೂರಿನ ಮಾತು ಬಂದರೆ ಅದನ್ನು ಹಿಡಿಯುವವರು ಆ ಕಡೆಯ ಓದುಗರೇ. ಮುನ್ನುಡಿಗಾಗಿ ಹಿರಿಯರೊಬ್ಬರನ್ನು ಕೇಳುವುದಾದರೆ ಪೂರ್ಣ ಪಠ್ಯವನ್ನು ಕೊಟ್ಟು, ಓದಲು ಸಾಕಷ್ಟು ಸಮಯವನ್ನೂ ಕೊಡಿ. ಅವರಿಗೆ ಬಿಡುವಾಗದಿದ್ದರೆ ಮುನ್ನುಡಿಯಿಲ್ಲದೆ ತನ್ನಿ; ಕಾದಂಬರಿಗೆ ಅದರಿಂದ ಯಾವ ಕೊರತೆಯೂ ಆಗದು.

ಕನ್ನಡದಲ್ಲಿ ಅತಿ ಹೆಚ್ಚು ಎಚ್ಚರ ಬೇಡುವ ಘಟ್ಟ ಅಕ್ಷರ ಪರಿವರ್ತನೆಯದು. ಇಂದು ಹೆಚ್ಚಿನವರು ಎಲ್ಲ ಕಂಪ್ಯೂಟರು, ಮೊಬೈಲುಗಳೂ ಓದಬಲ್ಲ ಅಕ್ಷರಸಂಕೇತವಾದ ಯುನಿಕೋಡ್‌ನಲ್ಲಿ ಟೈಪ್ ಮಾಡುತ್ತಾರೆ. ಆದರೆ ಅನೇಕ ಡಿಟಿಪಿ ಕೇಂದ್ರಗಳಲ್ಲಿ ಈಗಲೂ ಯುನಿಕೋಡ್ ತಿಳಿಯದ ಹಳೆಯ ಪುಟವಿನ್ಯಾಸ ತಂತ್ರಾಂಶವಾದ ಪೇಜ್‌ಮೇಕರ್‌ನಲ್ಲಿಯೇ ಕೆಲಸ ನಡೆಯುವುದರಿಂದ, ಪಠ್ಯವನ್ನು ನುಡಿ ಅಥವಾ ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಿಗೆ ಬದಲಿಸಬೇಕಾಗುತ್ತದೆ. ಇ-ಪುಸ್ತಕ ಮಾಡುವಾಗ ಮತ್ತೆ ಅಲ್ಲಿಂದ ಯುನಿಕೋಡ್‌ಗೆ ತರಬೇಕಾಗುತ್ತದೆ. ಹಳೆಯ ಫಾಂಟುಗಳಲ್ಲಿ ಅರ್ಕಾವತ್ತನ್ನು ಮುಂದಿನ ವ್ಯಂಜನ ಬರೆದಾದ ಮೇಲೆ ಟೈಪ್ ಮಾಡಲಾಗುತ್ತದೆ, ಯುನಿಕೋಡ್‌ನಲ್ಲಿಯಾದರೋ ರಕಾರ ಉಚ್ಚಾರದ ಕ್ರಮದಲ್ಲಿ ಮೊದಲು ಬರುತ್ತದೆ. ಪರಿವರ್ತಕ ಇಲ್ಲಿ ಎಡವಿತೆಂದರೆ 'ಧರ್ಮ' ಹೋಗಿ 'ಧಮರ್' ಆಗುತ್ತದೆ, 'ಕರ್ತವ್ಯ' ಹೋಗಿ 'ಕತರ್ವ್ಯ' ಆಗುತ್ತದೆ. ನನ್ನ ಮೊದಲ ಕಾದಂಬರಿಯ ಏಳನೆಯ ಅಧ್ಯಾಯದಲ್ಲಿ ಪಾರ್ವತಿ ಎಂಬ ನಾಯಕಿ ಉದ್ದಕ್ಕೂ 'ಪಾವರ್ತಿ' ಆಗಿ ಅಚ್ಚಾದಳು. ಕೊನೆಯ ಕರಡನ್ನು ನಾನು ಕಂಪ್ಯೂಟರ್ ಪರದೆಯ ಮೇಲೆ ಓದಿ ಒಪ್ಪಿಗೆ ಕೊಟ್ಟಿದ್ದೆ. ಪರಿಚಿತ ಹೆಸರನ್ನು ಕಣ್ಣು ಓದುವುದಿಲ್ಲ, ಗುರುತಿಸಿ ಮುಂದೆ ಹೋಗಿಬಿಡುತ್ತದೆ. ಒಬ್ಬ ಓದುಗರು ಪತ್ರ ಬರೆದು ಕೇಳಿದ ದಿನ ಪಟ್ಟ ಸಂಕಟ ಇಂದಿಗೂ ಹೋಗಿಲ್ಲ.

ಆದ್ದರಿಂದ ಯುನಿಕೋಡ್ ಪಠ್ಯವನ್ನು ಹಾಗೆಯೇ, ಅದು ತಿಳಿಯುವ ಪುಟವಿನ್ಯಾಸ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ಪುಟಕಟ್ಟುವವರನ್ನು ಹುಡುಕಿ. ಪರಿವರ್ತನೆ ಅನಿವಾರ್ಯವಾದರೆ ಅದಾದ ಮೇಲೆ ಇಡೀ ಪುಸ್ತಕವನ್ನು ಕಾಗದದ ಮೇಲೆ ಮುದ್ರಿಸಿಕೊಂಡು ಹೊಸದಾಗಿ ಓದಿ. ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಬೆರಳಿಟ್ಟು ನೋಡಿ. 'ಸಾಫ್ಟ್‌ವೇರ್' ಎಂಬಂಥ ಪದಗಳು 'ಸಾಫ್ಟ್ವೇರ್' ಆಗಿವೆಯೇ ಎಂದು ಪರೀಕ್ಷಿಸಿ. ಪಾತ್ರದ ಹೆಸರು ಬದಲಿಸುವಾಗ 'ಎಲ್ಲವನ್ನೂ ಬದಲಿಸು' ಎಂಬ ಗುಂಡಿ ಒತ್ತಬೇಡಿ: ರಾಮನನ್ನು ಶಾಮ ಮಾಡಲು ಹೋದರೆ 'ಆರಾಮ' 'ಆಶಾಮ'ವಾಗುತ್ತದೆ, 'ಪರಾಮರ್ಶೆ' 'ಪಶಾಮರ್ಶೆ'ಯಾಗುತ್ತದೆ. ಹೋಟೆಲು, ಹೊಟೇಲು ಎಂಬಂಥ ಎರಡು ರೂಪಗಳಲ್ಲಿ ನೀವು ಆರಿಸಿಕೊಂಡದ್ದನ್ನು ಒಂದು ಹಾಳೆಯಲ್ಲಿ ಬರೆದು ಕರಡು ತಿದ್ದುವವರಿಗೆ ಕೊಡಿ. ಕರಡು ತಿದ್ದಲು ಸಂಭಾವನೆ ಕೊಟ್ಟು ನುರಿತವರೊಬ್ಬರನ್ನು ನೇಮಿಸಿಕೊಳ್ಳಿ. ಈ ಖರ್ಚನ್ನು ಉಳಿಸಲು ಹೋಗಬೇಡಿ.

ಪುಟವಿನ್ಯಾಸಕ್ಕೆ ಕನ್ನಡ ಕಾದಂಬರಿಗಳ ರೂಢಿಯ ಅಳತೆ ಡೆಮಿ 1/8, ಅಂದರೆ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಉದ್ದ. ಕಾಗದದ ತೂಕವನ್ನು ಚದರ ಮೀಟರಿಗೆ ಇಷ್ಟು ಗ್ರಾಂ, ಅಂದರೆ ಜಿಎಸ್‌ಎಂ, ಎಂದು ಹೇಳುತ್ತಾರೆ. ಒಳಪುಟಗಳಿಗೆ 70 ಅಥವಾ 80 ಜಿಎಸ್‌ಎಂ ಮ್ಯಾಪ್‌ಲಿಥೋ, ಮುಖಪುಟಕ್ಕೆ 300 ಜಿಎಸ್‌ಎಂ ಆರ್ಟ್‌ಕಾರ್ಡ್ ಸಾಕು. ಆಫ್‌ಸೆಟ್‌ನಲ್ಲಿ ಒಟ್ಟಿಗೆ ಅಚ್ಚಾಗುವ ಹದಿನಾರು ಪುಟದ ಫಾರಂ ಲೆಕ್ಕ ನಡೆಯುವುದರಿಂದ 208 ಪುಟ ಸರಿಯಾಗಿ ಹದಿಮೂರು ಫಾರಂ ಆಗುತ್ತದೆ. 211 ಪುಟವಾದರೆ ಮೂರು ಪುಟಕ್ಕಾಗಿ ಇನ್ನೊಂದು ಫಾರಂನ ಖರ್ಚು ಬೀಳಬಹುದು. ಮುಖಪುಟ ಕಲಾವಿದರಿಗೆ ಕಾದಂಬರಿಯ ಸಾರಾಂಶದ ಬದಲು ಎರಡು ಅಧ್ಯಾಯಗಳನ್ನೇ ಕೊಡಿ. ಬೆನ್ನಿನ ದಪ್ಪವನ್ನು ಕಾಗದ ಮತ್ತು ಪುಟಸಂಖ್ಯೆ ನಿಗದಿಯಾದ ಮೇಲೆ ಮುದ್ರಕರಿಂದಲೇ ಕೇಳಿ ತಿಳಿದುಕೊಳ್ಳಿ.

ಐಎಸ್‌ಬಿಎನ್ (ಪುಸ್ತಕವನ್ನು ಗುರುತಿಸುವ ಅಂತಾರಾಷ್ಟ್ರೀಯ ಸಂಖ್ಯೆ) ಭಾರತದಲ್ಲಿ ಉಚಿತ. ಕೇಂದ್ರ ಶಿಕ್ಷಣ ಸಚಿವಾಲಯದ ಅಡಿಯಲ್ಲಿರುವ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಏಜೆನ್ಸಿಯ ಜಾಲತಾಣದಲ್ಲಿ ಲೇಖಕರೇ ಅರ್ಜಿ ಸಲ್ಲಿಸಬಹುದು. ಸಂಖ್ಯೆ ಬರಲು ಸಮಯ ಹಿಡಿಯುವುದರಿಂದ ಕರಡು ತಿದ್ದುವ ಹಂತದಲ್ಲಿಯೇ ಅರ್ಜಿ ಹಾಕಿ. ಮುದ್ರಿತ ಪುಸ್ತಕಕ್ಕೂ ಇ-ಪುಸ್ತಕಕ್ಕೂ ಬೇರೆ ಬೇರೆ ಸಂಖ್ಯೆ ಬೇಕು. ಕೃತಿಸ್ವಾಮ್ಯ 1957ರ ಕಾಯ್ದೆಯಂತೆ ಬರೆದ ಕ್ಷಣದಿಂದಲೇ ನಿಮ್ಮದು. ನಿಮ್ಮ ಜೀವಿತಾವಧಿಗೂ ಆ ಬಳಿಕ 60 ವರ್ಷಕ್ಕೂ ಅದು ನಿಲ್ಲುತ್ತದೆ, ನೋಂದಣಿ ಕಡ್ಡಾಯವಲ್ಲ. ಎಲ್ಲವನ್ನೂ ತಾವೇ ಮಾಡಿಕೊಡುವುದಾಗಿ ಪ್ಯಾಕೇಜ್ ಮಾರುವ ಸಂಸ್ಥೆಯ ಮೊರೆಹೋಗುವುದಾದರೆ, ಹಕ್ಕು ಯಾರ ಬಳಿ ಉಳಿಯುತ್ತದೆ ಮತ್ತು ಪುಟಕಟ್ಟಿದ ಫೈಲು ನಿಮಗೆ ಸಿಗುತ್ತದೆಯೇ ಎಂಬುದನ್ನು ಒಪ್ಪಂದದಲ್ಲಿ ಬರವಣಿಗೆಯಲ್ಲಿ ಪಡೆಯಿರಿ.

ಇನ್ನು ಪ್ರತಿಗಳ ಲೆಕ್ಕ. ಈ ಅಂಕಿಗಳು ಉದಾಹರಣೆಗೆ ಮಾತ್ರ; ನಿಮ್ಮ ಮುದ್ರಕರ ದರವನ್ನು ಹಾಕಿ ನೋಡಿ. ಸಿದ್ಧತೆಗೆ 15,000 ರೂಪಾಯಿ, 500 ಪ್ರತಿಗೆ ತಲಾ 90 ರೂಪಾಯಿಯಂತೆ 45,000, ಒಟ್ಟು 60,000 ಆಗುತ್ತದೆ ಎನ್ನೋಣ. ಬೆಲೆ 250 ಇಟ್ಟು, ಅಂಗಡಿಗೆ ನೂರಕ್ಕೆ 35 ಬಿಟ್ಟರೆ ಕೈಗೆ ಬರುವುದು 162 ರೂಪಾಯಿ 50 ಪೈಸೆ. ಹಾಕಿದ ಹಣ ಮರಳಲು 370 ಪ್ರತಿಗಳು ಮಾರಾಟವಾಗಬೇಕು. 1,000 ಪ್ರತಿ ಹಾಕಿಸಿದರೆ ಒಂದೊಂದರ ಖರ್ಚು 70ಕ್ಕೆ ಇಳಿಯಬಹುದು, ಆದರೆ ಆಗ 524 ಪ್ರತಿಗಳನ್ನು ಮಾರಬೇಕು, ಉಳಿದವುಗಳಿಗೆ ಮನೆಯಲ್ಲಿ ಗೆದ್ದಲು ಹತ್ತದ ಜಾಗವನ್ನೂ ಹುಡುಕಬೇಕು. ಮೊದಲ ಪುಸ್ತಕಕ್ಕೆ 300ರಿಂದ 500 ಪ್ರತಿ ಸಾಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಷ್ಟೂ ಧೈರ್ಯವಿಲ್ಲದಿದ್ದರೆ ಬೇಡಿಕೆ ಬಂದಷ್ಟೇ ಮುದ್ರಿಸುವ ವ್ಯವಸ್ಥೆಯಿದೆ; ಪ್ರತಿಯೊಂದರ ಖರ್ಚು ಹೆಚ್ಚು, ದಾಸ್ತಾನಿನ ಚಿಂತೆ ಇಲ್ಲ.

ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ಈ ಲೆಕ್ಕದಲ್ಲಿ ಸೇರಿಸಬೇಡಿ. ಅರ್ಜಿಯನ್ನು ತಪ್ಪದೆ ಹಾಕಿ, ಆದರೆ ಆಯ್ಕೆಯೂ ಹಣವೂ ತಡವಾಗಬಹುದೆಂದು ತಿಳಿದಿರಿ. ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗಳಿಗೆ ಪ್ರೋತ್ಸಾಹಧನ ಕೊಡುತ್ತದೆ. ಅಚ್ಚಿಗೆ ಹೋಗುವ ಮೊದಲೇ ಅದರ ಪ್ರಕಟಣೆಯನ್ನು ಓದಿ, ವಯಸ್ಸಿನ ಮಿತಿ ಮತ್ತು ನಿಯಮಗಳನ್ನು ನೋಡಿಕೊಳ್ಳಿ.

ಮಾರಾಟದಲ್ಲಿ ಮೊದಲ ನೂರು ಪ್ರತಿಗಳು ನಿಮ್ಮ ಕೈಯಿಂದಲೇ ಹೋಗಬೇಕು. ಬಿಡುಗಡೆಗೆ ಒಂದು ತಿಂಗಳ ಮೊದಲೇ ಪರಿಚಿತರಿಗೆ ತಿಳಿಸಿ, ಮುಂಗಡ ಕೊಟ್ಟವರ ಹೆಸರು ಮತ್ತು ವಿಳಾಸವನ್ನು ನೋಟ್‌ಪುಸ್ತಕದಲ್ಲಿ ಬರೆದಿಡಿ. ಮೇಲೆ ಹೇಳಿದ 208 ಪುಟದ ಪುಸ್ತಕ 70 ಜಿಎಸ್‌ಎಂ ಕಾಗದದಲ್ಲಿ ಸುಮಾರು 240 ಗ್ರಾಂ ತೂಗುತ್ತದೆ. ಅಂಚೆ ಇಲಾಖೆ 2025ರ ಮೇ 1ರಂದು ಆರಂಭಿಸಿದ ಜ್ಞಾನ ಪೋಸ್ಟ್ ಸೇವೆಯಲ್ಲಿ 300 ಗ್ರಾಂವರೆಗಿನ ಪುಸ್ತಕಕ್ಕೆ ಗೊತ್ತುಪಡಿಸಿದ ದರ 20 ರೂಪಾಯಿ, ತೆರಿಗೆ ಬೇರೆ. ಕಟ್ಟು ಹಗುರವಾಗಿದ್ದರೆ ಆ ಮಿತಿಯೊಳಗೇ ಇರುತ್ತದೆ. ಅಂಗಡಿಗಳಿಗೆ ಒಮ್ಮೆಗೆ ಐದು ಹತ್ತು ಪ್ರತಿ ಮಾತ್ರ ಕೊಟ್ಟು, ಸಹಿಯಾದ ಚಲನ್ ಇಟ್ಟುಕೊಂಡು, ಮೂರು ತಿಂಗಳಿಗೊಮ್ಮೆ ಹೋಗಿ ಲೆಕ್ಕ ಕೇಳಿ. ಸಾಹಿತ್ಯ ಸಮ್ಮೇಳನದ ಮಳಿಗೆಯನ್ನು ಇನ್ನಿಬ್ಬರು ಲೇಖಕರ ಜೊತೆ ಹಂಚಿಕೊಳ್ಳಬಹುದು. ಹೊರನಾಡು, ಹೊರದೇಶಗಳ ಕನ್ನಡಿಗರಿಗೆ ಮೈಲ್ಯಾಂಗ್, ಗೂಗಲ್ ಪ್ಲೇ ಬುಕ್ಸ್‌ನಂಥ ಕಡೆ ಇ-ಪುಸ್ತಕ ಇಡುವುದು ಅಂಚೆಗಿಂತ ಸುಲಭ.

ಪುಸ್ತಕ ಹೊರಬಂದ 30 ದಿನಗಳೊಳಗೆ, 1954ರ ಕಾಯ್ದೆಯಂತೆ, ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಗಳ ನಿಗದಿತ ಗ್ರಂಥಾಲಯಗಳಿಗೂ ಒಂದೊಂದು ಪ್ರತಿಯನ್ನು ನಿಮ್ಮ ಖರ್ಚಿನಲ್ಲಿ ಕಳಿಸಬೇಕು. ಮುದ್ರಣಾಲಯದ ಕೊನೆಯ ಕಂತು ಕೊಡುವ ದಿನವೇ ಅಚ್ಚಿಗೆ ಹೋದ ಪಿಡಿಎಫ್ ಮತ್ತು ತಿದ್ದಬಹುದಾದ ಮೂಲ ಫೈಲು ಎರಡನ್ನೂ ಪೆನ್‌ಡ್ರೈವ್‌ನಲ್ಲಿ ಪಡೆದುಕೊಳ್ಳಿ. ಒಂದು ಪ್ರತಿಯ ರಟ್ಟಿನ ಮೇಲೆ 'ತಿದ್ದುಪಡಿ' ಎಂದು ಬರೆದು ಮೇಜಿನ ಮೇಲಿಟ್ಟು, ಓದುಗರು ತೋರಿಸಿಕೊಟ್ಟ ಪ್ರತಿಯೊಂದು ತಪ್ಪನ್ನೂ ಆ ಪುಟದಲ್ಲಿಯೇ ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತಾ ಹೋಗಿ. ಎರಡನೆಯ ಮುದ್ರಣಕ್ಕೆ ಮುದ್ರಕರ ಕೈಗೆ ಹೋಗಬೇಕಾದದ್ದು ಆ ಪ್ರತಿ.