ಮನೆಯ ಹುಡುಗ ಗಾಂಜಾ ಕೇಸಲ್ಲಿ ಸಿಕ್ಕಿಬಿದ್ದಾಗ ಏನು ಮಾಡಬೇಕು

ಹೋದ ವರ್ಷ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಹತ್ತೊಂಬತ್ತು ವರ್ಷದ ಒಬ್ಬ ಹುಡುಗನನ್ನು ಗಾಂಜಾ ಕೇಸಲ್ಲಿ ಹಿಡಿದರು. ಜೇಬಲ್ಲಿ ಸಿಕ್ಕಿದ್ದು ಒಂದು ಸಣ್ಣ ಪೊಟ್ಟಣ. ಸಂಜೆಯೊಳಗೆ ಅವನ ಫೋಟೋ ಓಣಿಯ ಎಲ್ಲರ ಮೊಬೈಲಲ್ಲಿತ್ತು, ಮುಂದಿನ ವಾರ ಮನೆ ಮಾಲೀಕರು ಬೇರೆ ಮನೆ ನೋಡಿಕೊಳ್ಳಿ ಅಂದರು, ಅವನ ಅಕ್ಕನನ್ನು ನೋಡಿಕೊಂಡು ಹೋಗಿದ್ದ ಗಂಡಿನ ಕಡೆಯವರು ಆಮೇಲೆ ಫೋನೇ ಎತ್ತಲಿಲ್ಲ. ಕೋರ್ಟು ಇನ್ನೂ ಒಂದು ಮಾತೂ ಆಡಿರಲಿಲ್ಲ.

ಆ ಮನೆಯವರ ಜೊತೆ ಓಡಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಗಾಂಜಾ ಸೇದಿ ಓದು ಬಿಟ್ಟ ಹುಡುಗರನ್ನು ನಾನೂ ನೋಡಿದ್ದೇನೆ, ಅದನ್ನು ಒಳ್ಳೇದು ಅನ್ನುತ್ತಿಲ್ಲ. ಆದರೆ ಆ ಪೊಟ್ಟಣಕ್ಕೆ ಕಾನೂನು ಕೊಡುವ ಶಿಕ್ಷೆಗಿಂತ ನಾವು ಊರವರು ಕೊಡುವ ಶಿಕ್ಷೆ ಜಾಸ್ತಿ, ಅದು ಇಡೀ ಮನೆಗೆ ಬೀಳುತ್ತದೆ.

ಸುದ್ದಿ ಬಂದ ಕೂಡಲೇ ಯಾವ ಠಾಣೆ ಅಂತ ತಿಳಿದುಕೊಂಡು ಇಬ್ಬರು ಹೋಗಿ. ಹತ್ತು ಜನ ಗುಂಪು ಕಟ್ಟಿಕೊಂಡು ಹೋಗಬೇಡಿ. ಅಲ್ಲಿ ಎರಡು ವಿಷಯ ಕೇಳಿ: ಯಾವ ಸೆಕ್ಷನ್, ಎಷ್ಟು ತೂಕ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ, ಅಂದರೆ ಮಾದಕ ವಸ್ತುಗಳ ಕಾನೂನಿನಲ್ಲಿ, ಎಲ್ಲ ನಿಂತಿರುವುದು ತೂಕದ ಮೇಲೆ. ಗಾಂಜಾ 1 ಕೆ.ಜಿ. ವರೆಗೆ ಇದ್ದರೆ ಸಣ್ಣ ಪ್ರಮಾಣ. ಅದಕ್ಕೆ ಹೆಚ್ಚೆಂದರೆ 1 ವರ್ಷ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 20 ಕೆ.ಜಿ. ದಾಟಿದರೆ ಕಡಿಮೆ ಅಂದರೂ 10 ವರ್ಷ, ಜಾಮೀನು ಸಿಗುವುದೂ ಬಹಳ ಕಷ್ಟ. ಇನ್ನೊಂದು ಮಾತು. ಕಾಯ್ದೆಯ ಪ್ರಕಾರ ಗಾಂಜಾ ಅಂದರೆ ಗಿಡದ ಹೂವು ಬಿಟ್ಟ ಅಥವಾ ಕಾಯಿ ಕಟ್ಟಿದ ತುದಿ. ತುದಿ ಇಲ್ಲದೆ ಬರೀ ಎಲೆ, ಬೀಜ ಇದ್ದರೆ ಅದು ಗಾಂಜಾ ಲೆಕ್ಕಕ್ಕೆ ಬರುವುದಿಲ್ಲ. ಪಂಚನಾಮೆಯಲ್ಲಿ, ಅಂದರೆ ಸಾಕ್ಷಿಗಳ ಮುಂದೆ ಪೊಲೀಸರು ಬರೆಯುವ ವರದಿಯಲ್ಲಿ, ಏನು ಬರೆದಿದ್ದಾರೆ ಅಂತ ವಕೀಲರು ಗಮನವಿಟ್ಟು ಓದಬೇಕು.

ಬಂಧಿಸಿದ್ದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ದಾರಿಯ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರು ಮಾಡಲೇಬೇಕು. ಇಷ್ಟು ಸಣ್ಣ ಶಿಕ್ಷೆಯ ಕೇಸಲ್ಲಿ ಬಂಧಿಸುವ ಬದಲು ನೋಟಿಸ್ ಕೊಟ್ಟು ಕರೆಸಬಹುದಲ್ವಾ ಅಂತ ವಕೀಲರ ಮೂಲಕ ಕೇಳಿಸಿ. ಹುಡುಗನಿಗೆ 18 ತುಂಬಿಲ್ಲ ಅಂದರೆ ದಾರಿಯೇ ಬೇರೆ: ಲಾಕಪ್‌ನಲ್ಲಿ ಇಡುವಂತಿಲ್ಲ, ಬಾಲ ನ್ಯಾಯ ಮಂಡಳಿ ಮುಂದೆ ಹಾಜರು ಮಾಡಬೇಕು, ಅವನ ಹೆಸರು, ಫೋಟೋ ಹೊರಗೆ ಹಾಕುವುದೇ ಅಪರಾಧ. ಆಧಾರ್ ಬದಲು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತೆಗೆದುಕೊಂಡು ಹೋಗಿ, ವಯಸ್ಸಿಗೆ ಅದೇ ಗಟ್ಟಿ ದಾಖಲೆ.

ಮೂತ್ರ ಪರೀಕ್ಷೆಯಲ್ಲಿ ಪಾಸಿಟಿವ್ ಬಂತು ಅಂದ ಮಾತ್ರಕ್ಕೆ ಅವತ್ತೇ ಸೇದಿದ್ದ ಅಂತಲ್ಲ. ದಿನಾ ಸೇದುವವರಲ್ಲಿ ಅದರ ಗುರುತು ವಾರಗಟ್ಟಲೆ ಉಳಿಯುತ್ತದೆ. ಮಾರುತ್ತಿದ್ದ ಅಂತಂತೂ ಅದು ಹೇಳುವುದೇ ಇಲ್ಲ.

ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ಸುಮ್ನೆ ಕೂರಬೇಡಿ. ಕಸ್ಟಡಿಯಲ್ಲಿ ಇರುವ ಯಾರಿಗಾದರೂ ಉಚಿತ ವಕೀಲರು ಸಿಗಬೇಕು ಅಂತ 1987ರ ಕಾನೂನೇ ಇದೆ. ಧಾರವಾಡ, ಗದಗ, ಹಾವೇರಿ ಮೂರೂ ಕಡೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಫೋನಾದರೆ 15100.

ಈಗ ಎಲ್ಲರೂ ಎಡವುವ ಜಾಗ. ನಮ್ಮ ಓಣಿಯ ಹುಡುಗನ ಅಪ್ಪನಿಗೆ ಕೋರ್ಟಿನ ಹೊರಗೆ ಯಾರೋ ಹೇಳಿದರು, ತಪ್ಪೊಪ್ಪಿಕೊಂಡು ದಂಡ ಕಟ್ಟಿಬಿಡಿ, ಇವತ್ತೇ ಮುಗಿಯುತ್ತದೆ ಅಂತ. ಗಾರೆ ಕೆಲಸದ ಮನುಷ್ಯ, ಒಂದು ದಿನ ಕೋರ್ಟಿಗೆ ಬಂದರೆ ಅವತ್ತಿನ ಕೂಲಿ ಹೋಯಿತು, ಹಾಗಾಗಿ ಹೂಂ ಅನ್ನುವುದರಲ್ಲಿದ್ದರು. ನಾನು ಕೈ ಹಿಡಿದು ನಿಲ್ಲಿಸಿದೆ. ಒಪ್ಪಿಕೊಂಡರೆ ಅದು ಶಿಕ್ಷೆಯಾದ ಹಾಗೆಯೇ, ದಂಡ ಸಣ್ಣದಾದರೂ ದಾಖಲೆಯಲ್ಲಿ ಅಪರಾಧಿ ಅಂತಲೇ ಇರುತ್ತದೆ. ಧಾರವಾಡದ ಸಪ್ತಾಪುರದಲ್ಲಿ ಹಾವೇರಿ, ಗದಗಿನ ಹಳ್ಳಿಗಳಿಂದ ಬಂದು ಪಿಎಸ್‌ಐ, ಎಫ್‌ಡಿಎ ಅಂತ ಸರ್ಕಾರಿ ನೌಕರಿಗೆ ಓದುತ್ತಾ ಕೂತ ಹುಡುಗರನ್ನು ನೋಡಿ. ಅಂಥವನ ಕೈಯಲ್ಲಿ ಹೀಗೆ ಒಪ್ಪಿಸಿದರೆ ಅಪ್ಪ ಹೊಲ ಅಡ ಇಟ್ಟು ಓದಿಸಿದ್ದು ನೀರಲ್ಲಿ ಹೋಮ ಮಾಡಿದಂತೆ. ಕೇಸು ನಡೆಯುತ್ತಿರುವಾಗ ಪಾಸ್‌ಪೋರ್ಟಿಗೂ ತೊಡಕು. ನೌಕರಿಯ ಫಾರ್ಮಿನಲ್ಲಿ ಕೇಸಿನ ಬಗ್ಗೆ ಕೇಳಿದ್ದರೆ ಮುಚ್ಚಿಡಬೇಡಿ. ಮುಚ್ಚಿಟ್ಟದ್ದೇ ಕೆಲಸ ಕಳೆಯಲು ಕಾರಣ ಆಗಬಹುದು ಅಂತ 2016ರಲ್ಲಿ ಸುಪ್ರೀಂ ಕೋರ್ಟ್ ಅವತಾರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಸಣ್ಣ ವಿಷಯ ಆಗಿದ್ದರೆ ಮನ್ನಿಸಬಹುದು ಅಂತಲೂ ಅದೇ ತೀರ್ಪಿನಲ್ಲಿದೆ.

ಸೆಕ್ಷನ್ ಯಾವುದು ಅನ್ನುವುದು ಮುಖ್ಯ ಆಗುವುದು ಇಲ್ಲೇ. ಸೇವನೆ ಮಾತ್ರ ಅಂದರೆ ಸೆಕ್ಷನ್ 27, ಅದಕ್ಕೆ ಹೆಚ್ಚೆಂದರೆ 6 ತಿಂಗಳು, ಪ್ರೊಬೇಷನ್ ಮೇಲೆ, ಅಂದರೆ ಜೈಲಿಗೆ ಕಳಿಸದೆ ಒಳ್ಳೆ ನಡತೆಯ ಷರತ್ತಿನ ಮೇಲೆ, ಬಿಡಲು ಅವಕಾಶ ಇದೆ. ಇಟ್ಟುಕೊಂಡಿದ್ದ ಅಂತ ಸೆಕ್ಷನ್ 20 ಹಾಕಿದರೆ, 18 ದಾಟಿದವನಿಗೆ ಆ ಪ್ರೊಬೇಷನ್ ಬಾಗಿಲು ಮುಚ್ಚುತ್ತದೆ.

ಹುಡುಗ ನಿಜವಾಗಿ ಚಟಕ್ಕೆ ಬಿದ್ದಿದ್ದರೆ ಸೆಕ್ಷನ್ 64ಎ ಬಗ್ಗೆ ವಕೀಲರನ್ನು ಕೇಳಿ. ತಾನಾಗಿಯೇ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಕಡೆ ಚಿಕಿತ್ಸೆಗೆ ಸೇರಿ ಪೂರ್ತಿ ಮುಗಿಸಿದರೆ, ಸೇವನೆ ಮತ್ತು ಸಣ್ಣ ಪ್ರಮಾಣದ ಕೇಸಿನಿಂದ ರಕ್ಷಣೆ ಸಿಗುತ್ತದೆ. ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ಇರುವುದು ಇಂಥದ್ದಕ್ಕೇ, ಆದರೆ ನಮ್ಮಲ್ಲಿ ಜನ ಅದನ್ನು ಇನ್ನೂ ಹುಚ್ಚರ ಆಸ್ಪತ್ರೆ ಅಂತಾರೆ, ಆ ನಾಚಿಕೆಗೆ ಎಷ್ಟೋ ತಾಯಂದಿರು ಗೇಟಿನಿಂದಲೇ ವಾಪಸ್ ಬಂದಿದ್ದಾರೆ. ಅಲ್ಲಿಗೆ ಹೋಗುವ ಧೈರ್ಯ ಬರುವ ತನಕ 14446ಕ್ಕೆ ಫೋನ್ ಮಾಡಿ ಮಾತಾಡಿ, ಅದು ವ್ಯಸನಮುಕ್ತಿ ಸಹಾಯವಾಣಿ.

ಓಣಿಯವರಿಗೂ ಒಂದು ಕೆಲಸ ಇದೆ. ಫೋಟೋ ಬಂದರೆ ಅಳಿಸಿ, ಮುಂದೆ ಕಳಿಸಬೇಡಿ. ಕಾಲೇಜಿನವರು ಟಿಸಿ ಕೊಡುತ್ತೇವೆ ಅಂದರೆ ಅಪ್ಪ ಅವ್ವನನ್ನು ಒಂಟಿಯಾಗಿ ಕಳಿಸಬೇಡಿ, ಮಾತು ಬಲ್ಲ ಒಬ್ಬರು ಜೊತೆಗೆ ಹೋಗಿ, ಕೇಸು ಇನ್ನೂ ಸಾಬೀತಾಗಿಲ್ಲ, ಪರೀಕ್ಷೆ ಬರೆಯಲು ಬಿಡಿ ಅಂತ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ಕೋರ್ಟಿನ ಡೇಟ್ ಮಾತ್ರ ತಪ್ಪಿಸಬೇಡಿ, ವಾರಂಟ್ ಆಗುತ್ತದೆ. ನಮ್ಮ ಹುಡುಗನ ಡೇಟುಗಳನ್ನು ಅವನ ಅವ್ವ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಗುರುತು ಹಾಕಿಟ್ಟಿದ್ದಾರೆ. ಅಪ್ಪನ ಕೂಲಿ ತಪ್ಪದಿರಲಿ ಅಂತ ಒಂದೊಂದು ಸಲ ಓಣಿಯ ಒಬ್ಬೊಬ್ಬರು ಅವನ ಜೊತೆ ಹೋಗುತ್ತೇವೆ. ಮುಂದಿನ ಸಲ ನನ್ನ ಪಾಳಿ.