ನೆರಳಿನ ಜಾಗಕ್ಕೆ ಬಿಳಿ ವಯೊಲೆಟ್ ಹಾಸು

ಮರದಡಿ ಹುಲ್ಲು ಹಿಡಿಯದ ಅರೆನೆರಳಿನ ಜಾಗವಿದ್ದರೆ ವಯೋಲಾ ಸೊರೊರಿಯಾ ಎಂಬ ವಯೊಲೆಟ್ ಜಾತಿಯ ಬಿಳಿ ಹೂವಿನ ತಳಿ ಹಾಕಿ. ಮಣ್ಣಿಗೆ ಎರಡಿಂಚು ಎಲೆಗೊಬ್ಬರ ಬೆರೆಸಿ, ಗಿಡದಿಂದ ಗಿಡಕ್ಕೆ 20ರಿಂದ 25 ಸೆಂ.ಮೀ. ಬಿಡಿ. ಶುಂಠಿಯ ಹಾಗೆ ಗಂಟುಗಂಟಾದ ಗೆಡ್ಡೆಯ ತಲೆ ಮಣ್ಣಿನ ಮಟ್ಟದಲ್ಲೇ ಇರಲಿ. ಆಳಕ್ಕೆ ಹೂತರೆ ಕೊಳೆಯುತ್ತದೆ. ಮೊದಲ ವರ್ಷ ತೇವ ಆರದಂತೆ ನೋಡಿಕೊಳ್ಳಿ. ಒಣಹವೆಯಲ್ಲಿ ಎಲೆ ಮೇಲೆ ಸಣ್ಣ ಹಳದಿ ಚುಕ್ಕೆ ಕಂಡರೆ ಎಲೆ ತಿರುಗಿಸಿ ನೋಡಿ, ಎಲೆಯ ರಸ ಹೀರುವ ಜೇಡನುಸಿ ಇರಬಹುದು. ಎಲೆಯ ಅಡಿಗೆ ನೀರು ರಭಸವಾಗಿ ಹೊಡೆಯಿರಿ.

ಬಹಳ ಜನ ಗಮನಿಸದ ಸಂಗತಿ ಇನ್ನೊಂದು. ಬಿಳಿ ಹೂ ಮುಗಿದ ಮೇಲೆ ಬುಡದಲ್ಲಿ, ಮಣ್ಣಿಗೆ ತಾಗಿದಂತೆ, ಅರಳದ ಮೊಗ್ಗುಗಳು ಬರುತ್ತವೆ. ಅವು ತೆರೆಯದೆಯೇ ಕಾಯಿ ಕಟ್ಟುತ್ತವೆ; ಬಲಿತ ಕಾಯಿ ಮೂರು ಹೋಳಾಗಿ ಬಿರಿದು ಬೀಜ ದೂರಕ್ಕೆ ಚಿಮ್ಮುತ್ತದೆ. ಪಕ್ಕದಲ್ಲಿ ಹುಲ್ಲುಹಾಸು ಇದ್ದರೆ ಕಾಯಿ ಹಸಿರಿದ್ದಾಗಲೇ ಚಿವುಟಿಬಿಡಿ, ಇಲ್ಲವಾದರೆ ಅದನ್ನೂ ಆವರಿಸುತ್ತದೆ.