ಹೊಸ ಫೋನು ಕೊಳ್ಳುವ ಮುನ್ನ ಹಳೆಯದನ್ನು ಪರೀಕ್ಷಿಸುವ ಬಗೆ

ಎರಡು ವರ್ಷದ ಹಿಂದಿನ ಆಷಾಢದ ಒಂದು ಸಂಜೆ, ಜಯನಗರ ನಿಲ್ದಾಣದಲ್ಲಿ ಮೆಟ್ರೊ ಇಳಿದು ಹೊರಗೆ ಹೋಗುವ ಗೇಟಿನ ಮುಂದೆ ನಿಂತಾಗ ನನ್ನ ಫೋನು ಆರಿಹೋಯಿತು. ಜೇಬಿನಿಂದ ತೆಗೆದಾಗ ಬ್ಯಾಟರಿ ಶೇ. 27 ಎಂದು ತೋರಿಸುತ್ತಿತ್ತು. ಕ್ಯೂಆರ್ ಟಿಕೆಟನ್ನು ತೆರೆದು ಪರದೆಯ ಬೆಳಕನ್ನು ಏರಿಸಿದ್ದೇ ತಡ, ಪರದೆ ಕಪ್ಪಾಯಿತು. ಹಿಂದೆ ಸಾಲಾಗಿ ನಿಂತವರ ಅಸಹನೆಯನ್ನು ಬೆನ್ನಲ್ಲೇ ಅನುಭವಿಸುತ್ತ ಪಕ್ಕಕ್ಕೆ ಸರಿದು, ಸಿಬ್ಬಂದಿಯ ಮುಂದೆ ವಿವರಣೆ ಕೊಟ್ಟು ಹೊರಬಂದೆ. ಮನೆಯಲ್ಲಿ ತೀರ್ಪು ಕ್ಷಣದಲ್ಲಿ ಹೊರಬಿತ್ತು: "ನಾಲ್ಕು ವರ್ಷ ಆಯ್ತಲ್ಲ, ಆಯುಧಪೂಜೆ ಆಫರಿನಲ್ಲಿ ಹೊಸದು ತಗೊಂಡ್ಬಿಡಿ." ನಾನು ಹೊಸದನ್ನು ಕೊಳ್ಳಲಿಲ್ಲ. 1,400 ರೂಪಾಯಿ ಕೊಟ್ಟು ಬ್ಯಾಟರಿ ಬದಲಿಸಿಕೊಂಡೆ. ಈ ಬರಹವನ್ನು ಮೊದಲು ಟಿಪ್ಪಣಿ ಮಾಡಿಕೊಂಡದ್ದು ಅದೇ ಫೋನಿನಲ್ಲಿ.

ನಾವು "ಫೋನು ಹಳತಾಯಿತು" ಎಂದು ದೂರುವಾಗ ಬಹುಪಾಲು ಸಂದರ್ಭಗಳಲ್ಲಿ ಹಳತಾಗಿರುವುದು ಬ್ಯಾಟರಿ, ತುಂಬಿರುವುದು ಸಂಗ್ರಹದ ಜಾಗ. ಇವೆರಡಕ್ಕೂ ಹೊಸ ಫೋನು ಮದ್ದಲ್ಲ. ಕಂಪನಿಯು ಸುರಕ್ಷತೆಯ ಅಪ್‌ಡೇಟುಗಳನ್ನು ನಿಲ್ಲಿಸಿಬಿಟ್ಟಿರುವುದು ಮಾತ್ರ, ನನ್ನ ಅಭಿಪ್ರಾಯದಲ್ಲಿ, ಹೊಸದನ್ನು ಕೊಳ್ಳುವುದಕ್ಕೆ ಗಟ್ಟಿಯಾದ ಕಾರಣ. ಆದ್ದರಿಂದ ಹಬ್ಬದ ರಿಯಾಯಿತಿಯ ಪುಟವನ್ನು ತೆರೆಯುವ ಮುಂಚೆ ಈ ಮೂರನ್ನೂ ಇದೇ ಕ್ರಮದಲ್ಲಿ ಪರೀಕ್ಷಿಸಿಕೊಳ್ಳಬೇಕು.

ಶೇ. 27 ಉಳಿದಿರುವಾಗಲೂ ಫೋನು ಆರಿಹೋಗುವುದೇಕೆ ಎಂಬುದನ್ನು ಬೆಂಗಳೂರಿನ ಬೋರ್‌ವೆಲ್ ನೀರಿನ ಮನೆಗಳಲ್ಲಿ ಇರುವವರಿಗೆ ಸುಲಭವಾಗಿ ವಿವರಿಸಬಹುದು. ಓವರ್‌ಹೆಡ್ ಟ್ಯಾಂಕಿನಲ್ಲಿ ನೀರು ಇದ್ದೇ ಇರುತ್ತದೆ. ಆದರೆ ಪೈಪಿನೊಳಗೆ ಉಪ್ಪು ಕಟ್ಟಿಕೊಂಡಿರುವುದರಿಂದ ಎರಡು ನಲ್ಲಿಗಳನ್ನು ಒಟ್ಟಿಗೆ ತಿರುಗಿಸಿದರೆ ಎರಡರಲ್ಲೂ ನೂಲಿನಂತೆ ನೀರು ಬರುತ್ತದೆ. ಲಿಥಿಯಂ ಅಯಾನ್ ಬ್ಯಾಟರಿಗೂ ವಯಸ್ಸಾದಂತೆ ಒಳಗಿನ ಪ್ರತಿರೋಧ ಹೆಚ್ಚುತ್ತದೆ. ಕ್ಯಾಮೆರಾ, ಪೂರ್ಣ ಬೆಳಕಿನ ಪರದೆ, ಮ್ಯಾಪು ಇಂಥವು ಒಮ್ಮೆಲೇ ಹೆಚ್ಚು ವಿದ್ಯುತ್ತನ್ನು ಕೇಳಿದಾಗ ವೋಲ್ಟೇಜು ಕುಸಿಯುತ್ತದೆ, ಫೋನು ತನ್ನನ್ನು ತಾನು ಕಾಪಾಡಿಕೊಳ್ಳಲು ಆರಿಹೋಗುತ್ತದೆ. ಹೀಗೆ ಆರಿಹೋಗುವುದನ್ನು ತಪ್ಪಿಸಲು ಹಳೆಯ ಬ್ಯಾಟರಿಯ ಐಫೋನುಗಳ ವೇಗವನ್ನು ತಂತ್ರಾಂಶದ ಮೂಲಕ ತಗ್ಗಿಸಲಾಗುತ್ತಿದೆ ಎಂದು ಆ್ಯಪಲ್ ಕಂಪನಿ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಗದ್ದಲವೆದ್ದ ಮೇಲೆ ಬ್ಯಾಟರಿ ಬದಲಿಸುವ ದರವನ್ನೂ ಇಳಿಸಿತು. ಹೊಸ ಬ್ಯಾಟರಿ ಹಾಕಿಸಿದೊಡನೆ ಅದೇ ಫೋನುಗಳು ಮೊದಲಿನ ವೇಗಕ್ಕೆ ಮರಳಿದ್ದನ್ನು ನೆನಪಿಟ್ಟುಕೊಂಡರೆ, "ಸ್ಲೋ ಆಗಿದೆ, ಬದಲಿಸಬೇಕು" ಎಂಬ ಮಾತನ್ನು ಆಡುವ ಮುಂಚೆ ನಾಲಿಗೆ ಸ್ವಲ್ಪ ತಡೆಯುತ್ತದೆ.

ಬ್ಯಾಟರಿಯ ಸ್ಥಿತಿಯನ್ನು ಐಫೋನಿನಲ್ಲಿ ನೋಡುವುದು ಸುಲಭ. ಸೆಟ್ಟಿಂಗ್ಸ್‌ನ ಬ್ಯಾಟರಿ ವಿಭಾಗದಲ್ಲಿ ಬ್ಯಾಟರಿ ಹೆಲ್ತ್ ಎಂಬಲ್ಲಿ ಶೇಕಡಾವಾರು ಅಂಕಿಯೊಂದು ಕಾಣುತ್ತದೆ. ಅದು 80ಕ್ಕಿಂತ ಕೆಳಗಿದ್ದರೆ ಬದಲಿಸುವ ಕಾಲ ಬಂದಿದೆ ಎಂದರ್ಥ. ಐಫೋನ್ 14 ಮತ್ತು ಅದಕ್ಕಿಂತ ಹಿಂದಿನ ಮಾದರಿಗಳು 500 ಪೂರ್ಣ ಚಾರ್ಜುಗಳ ನಂತರವೂ, 15ರ ಸರಣಿಯಿಂದ ಮುಂದಿನವು 1,000 ಚಾರ್ಜುಗಳ ನಂತರವೂ ಶೇ. 80ರಷ್ಟು ಸಾಮರ್ಥ್ಯವನ್ನು ಉಳಿಸಿಕೊಳ್ಳುವಂತೆ ವಿನ್ಯಾಸಗೊಂಡಿವೆ ಎಂದು ಆ ಕಂಪನಿ ಹೇಳುತ್ತದೆ. ಪೂರ್ಣ ಚಾರ್ಜು ಎಂದರೆ ಪ್ಲಗ್ಗಿಗೆ ಸಿಕ್ಕಿಸಿದ ಪ್ರತಿಯೊಂದು ಸಲವೂ ಅಲ್ಲ. ಅರ್ಧ ಬಳಸಿ ಎರಡು ಸಲ ತುಂಬಿಸಿದರೆ ಅದು ಒಂದು ಎಣಿಕೆಯಾಗುತ್ತದೆ. ಸ್ಯಾಮ್‌ಸಂಗ್ ಫೋನುಗಳಲ್ಲಿ ಸ್ಯಾಮ್‌ಸಂಗ್ ಮೆಂಬರ್ಸ್ ಎಂಬ ಆ್ಯಪಿನ ಪರೀಕ್ಷೆಗಳ ವಿಭಾಗವು ಬ್ಯಾಟರಿಯ ಸ್ಥಿತಿಯನ್ನು ತಿಳಿಸುತ್ತದೆ. ಉಳಿದ ಆಂಡ್ರಾಯ್ಡ್ ಫೋನುಗಳಲ್ಲಿ, ಇಂತಹ ಸೌಲಭ್ಯ ಸೆಟ್ಟಿಂಗ್ಸ್‌ನಲ್ಲಿ ಕಾಣದಿದ್ದರೆ, ಒಂದು ವಾರ ಗಮನಿಸಿದರೆ ಸಾಕು: ಶೇ. 40ರಿಂದ 25ಕ್ಕೆ ಜಿಗಿಯುವುದು, ಕ್ಯಾಮೆರಾ ತೆರೆದೊಡನೆ ಆರುವುದು, ಚಾರ್ಜಿಗೆ ಹಾಕಿದ ಕೂಡಲೇ ಶೇಕಡಾವಾರು ಅಂಕಿ ಸರ್ರನೆ ಏರುವುದು, ಇವು ಸಾಕಷ್ಟು ಪುರಾವೆ. ಹಿಂಬದಿಯ ಮುಚ್ಚಳವಾಗಲಿ ಪರದೆಯಾಗಲಿ ಒಂದು ಬದಿಯಲ್ಲಿ ಮೇಲೆದ್ದಂತೆ ಕಂಡರೆ ಪರೀಕ್ಷೆಯ ಮಾತೇ ಬೇಡ. ಬ್ಯಾಟರಿ ಊದಿಕೊಂಡಿದೆ; ಚಾರ್ಜ್ ಮಾಡುವುದನ್ನು ಅಲ್ಲಿಗೇ ನಿಲ್ಲಿಸಿ, ಅದನ್ನು ಒತ್ತದೆ, ಚುಚ್ಚದೆ ಅಂಗಡಿಗೆ ಒಯ್ಯಬೇಕು.

ಎರಡನೆಯದು ಜಾಗದ ಪ್ರಶ್ನೆ. ಫೋನಿನ ಸಂಗ್ರಹ ಪೂರ್ತಿ ತುಂಬುತ್ತ ಬಂದಾಗ ಹೊಸದನ್ನು ಬರೆಯಲು ಖಾಲಿ ಭಾಗಗಳು ಸುಲಭವಾಗಿ ಸಿಗುವುದಿಲ್ಲ. ಫ್ಲ್ಯಾಶ್ ಮೆಮೊರಿಯಲ್ಲಿ ಒಂದು ಭಾಗವನ್ನು ಅಳಿಸಿದ ನಂತರವೇ ಅಲ್ಲಿ ಮತ್ತೆ ಬರೆಯಲು ಸಾಧ್ಯವಾದ್ದರಿಂದ, ಫೋನು ಒಳಗೊಳಗೇ ಸಾಮಾನು ಸರಿಸುತ್ತ ಕೂತುಬಿಡುತ್ತದೆ, ನಾವು ಆ್ಯಪು ತೆರೆಯಲು ಕಾಯುತ್ತ ಕೂರುತ್ತೇವೆ. ಒಟ್ಟು ಜಾಗದಲ್ಲಿ ಹತ್ತರಲ್ಲೊಂದು ಪಾಲನ್ನಾದರೂ ಖಾಲಿ ಉಳಿಸಿಕೊಳ್ಳುವುದು ನಾನು ಪಾಲಿಸುವ ಅಳತೆ. ನಮ್ಮ ಮನೆಗಳಲ್ಲಿ ಈ ಜಾಗವನ್ನು ನುಂಗುವುದು ಬಹುತೇಕ ವಾಟ್ಸ್‌ಆ್ಯಪ್. ಶುಭೋದಯದ ಚಿತ್ರಗಳು, ಮದುವೆಯ ಕರೆಯೋಲೆಯ ವಿಡಿಯೊಗಳು, ಅಪಾರ್ಟ್‌ಮೆಂಟ್ ಗುಂಪಿನಲ್ಲಿ ನೀರಿನ ಟ್ಯಾಂಕರಿನ ಬಗ್ಗೆ ಬರುವ ಧ್ವನಿ ಸಂದೇಶಗಳು, ಒಂದೇ ವಿಡಿಯೊ ಐದು ಗುಂಪುಗಳಿಂದ ಐದು ಸಲ. ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಮತ್ತು ಡೇಟಾ ವಿಭಾಗಕ್ಕೆ ಹೋಗಿ ಮ್ಯಾನೇಜ್ ಸ್ಟೋರೇಜ್ ಎಂಬುದನ್ನು ತೆರೆದರೆ, ಯಾವ ಗುಂಪು ಎಷ್ಟು ಜಾಗ ಹಿಡಿದಿದೆ ಎಂಬ ಪಟ್ಟಿ ದೊಡ್ಡದರಿಂದ ಸಣ್ಣದಕ್ಕೆ ಸಿಗುತ್ತದೆ. 5 ಎಂಬಿಗಿಂತ ದೊಡ್ಡ ಕಡತಗಳು ಬೇರೆಯಾಗಿಯೇ ಕಾಣುತ್ತವೆ. ಮೊದಲು ಅವನ್ನು ಅಳಿಸಿ, ನಂತರ ವಿಡಿಯೊಗಳು ತಾವಾಗಿಯೇ ಇಳಿದುಕೊಳ್ಳುವುದನ್ನು ಅದೇ ವಿಭಾಗದಲ್ಲಿ ನಿಲ್ಲಿಸಬೇಕು. ಎರಡನೆಯ ಕೆಲಸವನ್ನು ಮಾಡದೆ ಮೊದಲನೆಯದನ್ನಷ್ಟೇ ಮಾಡಿದವರು ಮುಂದಿನ ಯುಗಾದಿಗೆ ಮತ್ತೆ ಅದೇ ಜಾಗದಲ್ಲಿ ನಿಂತಿರುತ್ತಾರೆ.

ಅಳಿಸುವ ಮುನ್ನ ಬೇಕಾದ ಫೋಟೊಗಳ ಪ್ರತಿಯನ್ನು ಇಟ್ಟುಕೊಳ್ಳುವ ವಿಷಯದಲ್ಲಿ ಒಂದು ಎಚ್ಚರಿಕೆ. ಗೂಗಲ್ ಫೋಟೋಸ್‌ನಲ್ಲಿ ಮಿತಿಯಿಲ್ಲದೆ ಉಚಿತವಾಗಿ ಇಡುವ ಅವಕಾಶ 2021ರ ಜೂನ್ 1ಕ್ಕೆ ಮುಗಿಯಿತು; ಅಂದಿನಿಂದ ಇಡುವ ಫೋಟೊಗಳು ಗೂಗಲ್ ಖಾತೆಗೆ ಉಚಿತವಾಗಿ ಸಿಗುವ 15 ಜಿಬಿ ಜಾಗದ ಲೆಕ್ಕಕ್ಕೆ ಬರುತ್ತವೆ. ಆಂಡ್ರಾಯ್ಡ್‌ನ ವಾಟ್ಸ್‌ಆ್ಯಪ್ ಬ್ಯಾಕಪ್ ಕೂಡ 2024ರಿಂದ ಅದೇ 15 ಜಿಬಿಯ ಲೆಕ್ಕಕ್ಕೆ ಸೇರಿಕೊಂಡಿದೆ. ಜೊತೆಗೆ, ಗೂಗಲ್ ಫೋಟೋಸ್ ಆ್ಯಪಿನಲ್ಲಿ ಚಿತ್ರವನ್ನು ನೇರವಾಗಿ ಅಳಿಸಿದರೆ ಫೋನಿನಿಂದಲೂ ಖಾತೆಯಿಂದಲೂ ಹೋಗುತ್ತದೆ. ಫೋನಿನಿಂದ ಮಾತ್ರ ತೆಗೆಯಲು "ಫ್ರೀ ಅಪ್ ಸ್ಪೇಸ್" ಎಂಬ ಬೇರೆಯದೇ ಆಯ್ಕೆಯಿದೆ. ನಮ್ಮ ಚಿಕ್ಕಮ್ಮ ಈ ವ್ಯತ್ಯಾಸವನ್ನು ತಿಳಿಯದೆ ಮೊಮ್ಮಗಳ ನಾಮಕರಣದ ಚಿತ್ರಗಳನ್ನು ಅಳಿಸಿಬಿಟ್ಟಿದ್ದರು. ಖಾತೆಯಲ್ಲಿ ಬ್ಯಾಕಪ್ ಆಗಿದ್ದ ಚಿತ್ರಗಳು ಅಳಿಸಿದ ಮೇಲೂ 60 ದಿನ ಆ ಆ್ಯಪಿನ ಕಸದ ಬುಟ್ಟಿಯಲ್ಲಿ ಇರುತ್ತವೆಯಾದ್ದರಿಂದ ಅವು ಉಳಿದುಕೊಂಡವು.

ಮೂರನೆಯದನ್ನು ನೋಡಲು ಎರಡು ನಿಮಿಷ ಸಾಕು. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್ ಭಾಗಕ್ಕೆ ಹೋಗಿ ಆಂಡ್ರಾಯ್ಡ್ ಆವೃತ್ತಿಯನ್ನು ಒತ್ತಿದರೆ, ಕೊನೆಯ ಸೆಕ್ಯುರಿಟಿ ಅಪ್‌ಡೇಟ್ ಯಾವ ದಿನಾಂಕದ್ದು ಎಂಬುದು ಕಾಣುತ್ತದೆ. ಆ ದಿನಾಂಕ ಕೆಲವು ತಿಂಗಳ ಹಿಂದಿನದಾದರೆ ಚಿಂತೆಯಿಲ್ಲ. ಎರಡು ವರ್ಷ ಹಿಂದಿನದಾಗಿದ್ದು, ಅದೇ ಫೋನಿನಲ್ಲಿ ಬ್ಯಾಂಕಿನ ಆ್ಯಪೂ ಯುಪಿಐ ಕೂಡ ಇದ್ದರೆ, ನಾನು ಅಂತಹ ಫೋನನ್ನು ಹಣದ ವ್ಯವಹಾರಕ್ಕೆ ಬಳಸುವುದಿಲ್ಲ. ಅದನ್ನು ಹಾಡು ಕೇಳುವುದಕ್ಕೋ ಮಕ್ಕಳ ಪಾಠಕ್ಕೋ ಬಿಟ್ಟುಕೊಡುತ್ತೇನೆ. ಕೊಳ್ಳಲೇಬೇಕಾಗಿ ಬಂದಾಗ ಮೊದಲು ವಿಚಾರಿಸಬೇಕಾದದ್ದೂ ಇದನ್ನೇ. 2023ರ ಅಕ್ಟೋಬರಿನಲ್ಲಿ ಬಂದ ಪಿಕ್ಸೆಲ್ 8 ಮತ್ತು 2024ರ ಜನವರಿಯಲ್ಲಿ ಬಂದ ಗ್ಯಾಲಕ್ಸಿ ಎಸ್24 ಸರಣಿಗಳಿಗೆ ಏಳು ವರ್ಷಗಳ ಅಪ್‌ಡೇಟು ಕೊಡುವುದಾಗಿ ಆಯಾ ಕಂಪನಿಗಳು ಘೋಷಿಸಿವೆ. ಕ್ಯಾಮೆರಾದ ಮೆಗಾಪಿಕ್ಸೆಲ್ಲುಗಳನ್ನು ದೊಡ್ಡಕ್ಷರದಲ್ಲಿ ಬರೆದು ಅಪ್‌ಡೇಟಿನ ವರ್ಷಗಳನ್ನು ಎಲ್ಲಿಯೂ ಬರೆಯದ ಜಾಹೀರಾತನ್ನು ಕಂಡರೆ ನಾನು ಆ ಫೋನನ್ನು ಪಟ್ಟಿಯಿಂದ ಕೈಬಿಡುತ್ತೇನೆ.

ಇನ್ನು ಬ್ಯಾಟರಿ ಬದಲಿಸುವ ಕೆಲಸ. ಕಂಪನಿಯ ಅಧಿಕೃತ ಸೇವಾ ಕೇಂದ್ರ ನಿಮ್ಮ ಮಾದರಿಗೆ ಬ್ಯಾಟರಿ ಕೊಡುತ್ತಿದ್ದರೆ ಅಲ್ಲಿಯೇ ಹಾಕಿಸುವುದು ಒಳ್ಳೆಯದು. ದರ ಹೆಚ್ಚಾದರೂ ಬಿಡಿಭಾಗ ನಂಬಿಕೆಯದ್ದು. ಹೊಸ ಐಫೋನುಗಳಂತೂ ಬೇರೆ ಬ್ಯಾಟರಿ ಹಾಕಿದರೆ ಅದನ್ನು ಗುರುತಿಸಿ ಸೆಟ್ಟಿಂಗ್ಸ್‌ನಲ್ಲಿ ಸೂಚನೆ ತೋರಿಸುತ್ತವೆ. ಆದರೆ ಹಳೆಯ ಮಾದರಿಗೆ "ಸ್ಟಾಕ್ ಇಲ್ಲ" ಎಂಬ ಉತ್ತರ ಬಂದರೆ ನಮ್ಮೂರಿನವರಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಯಿದೆ. ಸಾದರ ಪತ್ರಪ್ಪ ರಸ್ತೆ ಎಂಬ ಪೂರ್ಣ ಹೆಸರನ್ನು ಅಲ್ಲಿ ಯಾರೂ ಬಳಸುವುದಿಲ್ಲ. ಹಸಿರು ಮಾರ್ಗದಲ್ಲಿ ಚಿಕ್ಕಪೇಟೆ ಅಥವಾ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದು ನಡೆಯುವುದು ಉತ್ತಮ. ಆ ಓಣಿಗಳಲ್ಲಿ ವಾಹನ ನಿಲ್ಲಿಸುವ ಸಾಹಸಕ್ಕೆ ಇಳಿಯುವುದು ಬೇಡ.

ಅಲ್ಲಿ ನಾನು ಒಮ್ಮೆ ಮೋಸಹೋಗಿದ್ದೇನೆ. ಅದಕ್ಕೂ ಹಿಂದಿನ ಫೋನಿಗೆ ಬಿಲ್ಲಿಲ್ಲದೆ, ಅರ್ಧ ಬೆಲೆಗೆ ಹಾಕಿಸಿಕೊಂಡ ಬ್ಯಾಟರಿ ನಾಲ್ಕೇ ತಿಂಗಳಲ್ಲಿ ಕೈಕೊಟ್ಟಿತು; ಹೋಗಿ ಕೇಳಿದರೆ ಹಾಕಿದ ಹುಡುಗ ಕೆಲಸ ಬಿಟ್ಟಿದ್ದ. ಆಮೇಲಿನಿಂದ ಮೂರು ವಿಷಯಗಳನ್ನು ಅಂಗಡಿಯ ಮೆಟ್ಟಿಲ ಬಳಿಯೇ ಇತ್ಯರ್ಥ ಮಾಡಿಕೊಳ್ಳುತ್ತೇನೆ: ಬಿಲ್ಲಿನ ಮೇಲೆ ಬ್ಯಾಟರಿಯ ಹೆಸರೂ ವಾರಂಟಿಯ ಅವಧಿಯೂ ಬರೆದಿರಬೇಕು, ಬ್ಯಾಟರಿಯ ಮೇಲೆ ಭಾರತೀಯ ಮಾನಕ ಬ್ಯೂರೊದ ಗುರುತಿನೊಂದಿಗೆ ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರಬೇಕು, ಕೆಲಸ ನನ್ನ ಕಣ್ಣೆದುರೇ ನಡೆಯಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಎಂಬ ಸರ್ಕಾರಿ ಆ್ಯಪಿನಲ್ಲಿ ಹಾಕಿ ನೋಡಿದರೆ ಅದು ಯಾವ ತಯಾರಕರದು ಎಂಬುದು ತಿಳಿಯುತ್ತದೆ. ಚಾರ್ಜರು, ಪವರ್ ಬ್ಯಾಂಕು ಕೊಳ್ಳುವಾಗಲೂ ಇದೇ ವಿಧಾನ. ಈ ಸಲ ಸಿಕ್ಕಿದ ಕೆಲಸಗಾರರು ಐವತ್ತು ದಾಟಿದವರು. ಹಿಂಬದಿಯನ್ನು ಬಿಸಿ ಮಾಡಿ, ಅಂಟನ್ನು ಎಳೆ ಎಳೆಯಾಗಿ ಬಿಡಿಸುತ್ತ, "ಸಾರ್, ಬೋರ್ಡ್ ಚೆನ್ನಾಗಿದೆ, ಇನ್ನೆರಡು ವರ್ಷ ಯೋಚನೆ ಮಾಡ್ಬೇಡಿ. ಆದ್ರೆ ಮಳೇಲಿ ಮಾತ್ರ ಹುಷಾರು" ಎಂದರು. ಅವರ ಮಾತು ಸರಿ: ಒಮ್ಮೆ ಬಿಚ್ಚಿದ ಫೋನಿಗೆ ನೀರು ತಡೆಯುವ ಮೊದಲಿನ ಶಕ್ತಿ ಉಳಿಯುವುದಿಲ್ಲ.

ಫೋನನ್ನು ಬೇರೆಯವರ ಕೈಗೆ ಕೊಡುವ ಮೊದಲು ಸಿಮ್ಮನ್ನೂ ಮೆಮೊರಿ ಕಾರ್ಡನ್ನೂ ತೆಗೆದಿಟ್ಟುಕೊಳ್ಳಿ. ಪರೀಕ್ಷಿಸಲು ಲಾಕ್ ತೆಗೆಯಲೇಬೇಕು ಎಂದು ಅವರು ಕೇಳಿದರೆ ಪಿನ್ ಹೇಳುವ ಬದಲು ನೀವೇ ಒತ್ತಿಕೊಡಿ. ಸ್ಯಾಮ್‌ಸಂಗ್‌ನಲ್ಲಿ ಮೇಂಟೆನೆನ್ಸ್ ಮೋಡ್, ಪಿಕ್ಸೆಲ್‌ನಲ್ಲಿ ರಿಪೇರ್ ಮೋಡ್ ಎಂಬ ವ್ಯವಸ್ಥೆಯಿದ್ದು, ಅದನ್ನು ಚಾಲೂ ಮಾಡಿದರೆ ರಿಪೇರಿಯವರಿಗೆ ಫೋನು ಕೆಲಸ ಮಾಡುವುದು ಕಾಣುತ್ತದೆಯೇ ಹೊರತು ನಿಮ್ಮ ಚಿತ್ರಗಳೂ ಸಂದೇಶಗಳೂ ಕಾಣುವುದಿಲ್ಲ. ಇಷ್ಟು ಒಳ್ಳೆಯ ಸೌಲಭ್ಯವನ್ನು ಕಂಪನಿಗಳು ಏಕೆ ಮೂಲೆಯಲ್ಲಿ ಅಡಗಿಸಿಟ್ಟಿವೆಯೋ ಅರ್ಥವಾಗುವುದಿಲ್ಲ.

ಹೊಸ ಬ್ಯಾಟರಿ ಬಾಳಬೇಕಾದರೆ ಅದರ ದೊಡ್ಡ ಶತ್ರು ಬಿಸಿ ಎಂಬುದನ್ನು ಮರೆಯಬಾರದು. ಸುತ್ತಲಿನ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬ್ಯಾಟರಿಯ ಸಾಮರ್ಥ್ಯಕ್ಕೆ ಶಾಶ್ವತ ಹಾನಿಯಾಗಬಹುದು ಎಂದು ಆ್ಯಪಲ್ ಎಚ್ಚರಿಸುತ್ತದೆ, ಮತ್ತು ಈಗಿನ ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನಗಳು ಆ ಗೆರೆಯನ್ನು ಸಲೀಸಾಗಿ ಮುಟ್ಟುತ್ತವೆ. ಸ್ಕೂಟರಿನ ಹ್ಯಾಂಡಲಿಗೆ ಫೋನು ಸಿಕ್ಕಿಸಿ, ಬಿಸಿಲಿನಲ್ಲಿ ಮ್ಯಾಪು ಹಾಕಿಕೊಂಡು, ಅದರ ಜೊತೆಗೆ ಚಾರ್ಜಿಗೂ ಹಾಕಿ ಸಿಲ್ಕ್ ಬೋರ್ಡಿನ ಸಿಗ್ನಲ್ಲಿನಲ್ಲಿ ನಿಲ್ಲುವುದಕ್ಕಿಂತ ಕೆಟ್ಟ ಶಿಕ್ಷೆ ಬ್ಯಾಟರಿಗೆ ಇನ್ನೊಂದಿಲ್ಲ. ಹಾಗೆ ಸಿಕ್ಕಿಸುವುದರಿಂದ ಕ್ಯಾಮೆರಾಕ್ಕೂ ಅಪಾಯವಿದೆ. ಹೆಚ್ಚು ಶಕ್ತಿಯ ಮೋಟರ್‌ಸೈಕಲ್ ಎಂಜಿನ್ನಿನ ಕಂಪನದಿಂದ ಐಫೋನ್ ಕ್ಯಾಮೆರಾದ ಸ್ಥಿರೀಕರಣ ವ್ಯವಸ್ಥೆ ಕೆಡಬಹುದು ಎಂದು ಅದೇ ಕಂಪನಿ 2021ರಲ್ಲಿ ತಿಳಿಸಿತ್ತು. ಅವರ ಸೂಚನೆಯಲ್ಲಿ ನಮ್ಮ ರಸ್ತೆಗುಂಡಿಗಳ ಪ್ರಸ್ತಾಪವಿರಲಿಲ್ಲ. ನಾನು ಕಿವಿಯಲ್ಲಿ ಒಂದು ಇಯರ್‌ಫೋನು ಹಾಕಿಕೊಂಡು ದಾರಿ ಕೇಳುವ ಅಭ್ಯಾಸವನ್ನೂ ಬಿಟ್ಟಿದ್ದೇನೆ. ಹೊರಡುವ ಮುನ್ನ ಒಮ್ಮೆ ಮ್ಯಾಪು ನೋಡಿಕೊಂಡು, ಗೊಂದಲವಾದರೆ ಪಕ್ಕಕ್ಕೆ ನಿಲ್ಲಿಸಿ ಯಾವುದಾದರೂ ಆಟೊದವರನ್ನು ಕೇಳುತ್ತೇನೆ. ರಾತ್ರಿ ಚಾರ್ಜಿಗೆ ಹಾಕುವವರು ದಿಂಬಿನಡಿ ಇಡದೆ, ಶೇ. 80ಕ್ಕೆ ನಿಲ್ಲಿಸುವ ಆಯ್ಕೆ ಫೋನಿನಲ್ಲಿದ್ದರೆ ಅದನ್ನು ಬಳಸಬೇಕು. ಪ್ರತಿದಿನ ಸೊನ್ನೆಗೆ ಇಳಿಸಿ ನೂರಕ್ಕೆ ಏರಿಸಬೇಕೆಂಬ ಸಲಹೆ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ್ದು, ಇಂದಿನವುಗಳಿಗೆ ಹಾನಿಕರ.

"5ಜಿ ಇಲ್ಲವಲ್ಲ" ಎಂಬ ಒಂದೇ ಕಾರಣಕ್ಕೆ ಫೋನು ಬದಲಿಸುವವರಿಗೆ ನನ್ನ ಸಲಹೆ ಚಿಕ್ಕದು: ಬೇಡ. ಈ ಸೇವೆ ದೇಶದಲ್ಲಿ 2022ರ ಅಕ್ಟೋಬರಿನಲ್ಲಿ ಆರಂಭವಾಗಿ ಬೆಂಗಳೂರಿಗೂ ಬಂದಿದೆ ನಿಜ; ಆದರೆ ಯುಪಿಐ ಪಾವತಿಗೆ, ಆಟೊ ಕರೆಯಲು, ಮೆಟ್ರೊ ಟಿಕೆಟಿಗೆ, ವಿಡಿಯೊ ಕರೆಗೆ 4ಜಿ ಧಾರಾಳವಾಗಿ ಸಾಕು.

ಇಷ್ಟೆಲ್ಲ ಪರೀಕ್ಷಿಸಿದ ಮೇಲೂ ಹೊಸದು ಬೇಕೆಂದೇ ತೀರ್ಮಾನವಾದರೆ, ಅಥವಾ ಬಳಸಿದ ಫೋನನ್ನು ಕೊಳ್ಳುವುದಾದರೆ, ಹಣ ಕೊಡುವ ಮುನ್ನ *#06# ಒತ್ತಿ ಆ ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐಯನ್ನು ತೆಗೆದು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ಪರಿಶೀಲಿಸಬೇಕು; ಕದ್ದ ಫೋನೆಂದು ನಿರ್ಬಂಧಿಸಿದ್ದರೆ ಅಲ್ಲಿ ತಿಳಿಯುತ್ತದೆ. ಹಳೆಯದನ್ನು ಕೊಡುವಾಗ ಯುಪಿಐ ಮತ್ತು ಬ್ಯಾಂಕಿನ ಆ್ಯಪುಗಳಿಂದ ಮೊದಲು ಹೊರಬಂದು, ಹೊಸ ಫೋನಿನಲ್ಲಿ ವಾಟ್ಸ್‌ಆ್ಯಪ್ ಸರಿಯಾಗಿ ಬಂದಿದೆಯೆಂದು ಖಚಿತವಾದ ಮೇಲೆ ಗೂಗಲ್ ಅಥವಾ ಆ್ಯಪಲ್ ಖಾತೆಯನ್ನು ತೆಗೆದುಹಾಕಿ, ಎಲ್ಲದರ ನಂತರ ಫ್ಯಾಕ್ಟರಿ ರೀಸೆಟ್ ಮಾಡಬೇಕು. ಖಾತೆಯನ್ನು ತೆಗೆಯದೆ ರಿಕವರಿ ಮೆನುವಿನಿಂದ ರೀಸೆಟ್ ಮಾಡಿದರೆ ಕಳ್ಳತನ ತಡೆಯುವ ಬೀಗ ಉಳಿದುಕೊಂಡು, ಕೊಂಡವರು ಪಾಸ್‌ವರ್ಡ್ ಕೇಳಿಕೊಂಡು ಮತ್ತೆ ನಿಮಗೇ ಫೋನು ಮಾಡುತ್ತಾರೆ.